ಜ್ವರ ಬಂದರೂ ಕೆಲಸಕ್ಕೆ ಬಂದವರು: ಒಂದು ಕಚೇರಿಯ ಫ್ಲೂ ಪ್ರಕರಣ

ಈ ಕಚೇರಿ ಯಾವುದು, ಎಲ್ಲಿದೆ, ಯಾರ ಪರವಾಗಿ ಫೋನ್ ಎತ್ತುತ್ತಿತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಅತ್ತಿತ್ತ ಮಾಡಿದ್ದೇನೆ, ಜನರನ್ನು ಹುದ್ದೆಯಿಂದಷ್ಟೇ ಕರೆದಿದ್ದೇನೆ. ಕೆಲಸದ ಜಾಗಗಳ ಆರೋಗ್ಯ ನೋಡಿಕೊಳ್ಳುವ ವೈದ್ಯೆಯಾಗಿ ಎರಡು ಫ್ಲೂ ಋತುಗಳ ಕಾಲ ಅಲ್ಲಿಗೆ ಹೋಗಿಬಂದೆ. ಸರಿ ಮಾಡಿದ್ದಕ್ಕಿಂತ ಮೊದಲು ತಪ್ಪು ಮಾಡಿದ್ದೇ ಹೆಚ್ಚು. ಬರೆಯಲು ಕೂತಿರುವುದೂ ಅದಕ್ಕೇ.

ಹಿನ್ನೆಲೆ

ಗ್ರಾಹಕರ ಕರೆಗಳಿಗೆ ಉತ್ತರಿಸುವ ಕಚೇರಿ. ಒಂದೇ ಮಹಡಿ, ಮೂರು ಶಿಫ್ಟ್, ಒಟ್ಟು 92 ಜನ. ಕುರ್ಚಿಗಳು ಮಾತ್ರ 40. ಬೆಳಗಿನವರು ಎದ್ದುಹೋದ ಕುರ್ಚಿಯ ಬಿಸಿ ಆರುವ ಮೊದಲೇ ಮಧ್ಯಾಹ್ನದವರು ಬಂದು ಕೂರುತ್ತಿದ್ದರು. ಕೀಬೋರ್ಡ್, ಮೌಸ್, ಹೆಡ್‌ಸೆಟ್ ಎಲ್ಲವೂ ಕುರ್ಚಿಗೆ ಸೇರಿದವು, ಮನುಷ್ಯರಿಗಲ್ಲ. ಹೆಡ್‌ಸೆಟ್ಟಿನ ಮೈಕ್ ತುಟಿಯಿಂದ ಎರಡು ಬೆರಳು ದೂರ. ಅದರ ಮೇಲಿನ ಸ್ಪಂಜಿನ ಟೋಪಿ ಎಷ್ಟೋ ಜನರ ಉಸಿರು ಕುಡಿದು ಬಣ್ಣಗೆಟ್ಟಿತ್ತು. ಹೊರಗಿನ ಸದ್ದು ಕರೆಯಲ್ಲಿ ಕೇಳಿಸಬಾರದೆಂದು ಕಿಟಕಿಗಳ ಅಂಚಿಗೆಲ್ಲ ಸಿಲಿಕೋನ್ ಮೆತ್ತಿ ಮುಚ್ಚಿದ್ದರು.

ನನ್ನನ್ನು ಕರೆಸಿದ್ದು ಆ ವರ್ಷದ ಫ್ಲೂ ಮಹಡಿಯನ್ನು ಗುಡಿಸಿಹಾಕಿದ ಮೇಲೆ. 16 ದಿನಗಳಲ್ಲಿ 34 ಜನ ಜ್ವರದ ರಜೆ ಹಾಕಿದ್ದರು. ಮೂರು ರಾತ್ರಿ ಶಿಫ್ಟ್‌ಗಳು ಅರ್ಧ ಜನರಲ್ಲಿ ನಡೆದವು. ಐವತ್ತು ದಾಟಿದ, ಸಕ್ಕರೆ ಕಾಯಿಲೆಯಿದ್ದ ಹಿರಿಯ ನೌಕರರೊಬ್ಬರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗಿ ಆಸ್ಪತ್ರೆ ಸೇರಬೇಕಾಯಿತು. ಅವರು ವೈದ್ಯರ ಹತ್ತಿರ ಹೋದದ್ದು ಐದನೇ ದಿನ. ಒಸೆಲ್ಟಾಮಿವಿರ್‌ನಂಥ ಔಷಧ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ. ತಡವಾದರೂ ಆಸ್ಪತ್ರೆಯಲ್ಲಿ ಕೊಟ್ಟರು, ಅವರು ಚೇತರಿಸಿಕೊಂಡರು. ಆದರೆ ಮತ್ತೆ ಕುರ್ಚಿಗೆ ಬರಲು ಆರು ವಾರ ಹಿಡಿಯಿತು.

ಎಚ್‌ಆರ್ ಮುಖ್ಯಸ್ಥೆಯ ಪ್ರಕಾರ ಕಾರಣ ಸ್ಪಷ್ಟವಿತ್ತು. "ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ ಮೇಡಂ. ಕಂಪನಿ ಖರ್ಚಿನಲ್ಲೇ ಲಸಿಕೆ ಕ್ಯಾಂಪ್ ಹಾಕಿದ್ವಿ, 17 ಜನ ಬಂದ್ರು. ನೀವೊಂದು ಭಾಷಣ ಮಾಡಿ."

ಮಾಡಿದೆ. ಅದು ನನ್ನ ಮೊದಲ ತಪ್ಪು.

ಭಾಷಣ, ಮತ್ತು ಕೊನೆಯ ಪ್ರಶ್ನೆ

ಒಂದು ಗಂಟೆ ಮಾತಾಡಿದೆ. ಫ್ಲೂ ಬರೀ ನೆಗಡಿಯಲ್ಲ, ಉಸಿರಾಟದ ತೊಂದರೆಯಿಂದಲೇ ಜಗತ್ತಿನಲ್ಲಿ ವರ್ಷಕ್ಕೆ 2,90,000ದಿಂದ 6,50,000 ಜನ ಇದರಿಂದ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಎಂದೆ. ಕೈ ತೊಳೆಯುವುದನ್ನು ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. ಕಣ್ಣು ಮಾತ್ರ ಗೋಡೆಯ ಪರದೆಯ ಮೇಲಿತ್ತು. ಕಾಯುತ್ತಿರುವ ಕರೆಗಳ ಸಂಖ್ಯೆ ಅಲ್ಲಿ ಏರುತ್ತಲೇ ಇತ್ತು.

ಪ್ರಶ್ನೆಗಳಿವೆಯೇ ಎಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಈ ಒಂದು ಗಂಟೆಯನ್ನ ನಮ್ಮ ಬ್ರೇಕ್‌ನಲ್ಲಿ ಕಳೀತಾರಾ ಮೇಡಂ?"

ಯಾರೋ ನಕ್ಕರು. ಎಚ್‌ಆರ್ ಮುಖ ಬಿಗಿಯಿತು. ನನಗೆ ಮಾತ್ರ ಆ ಗಂಟೆಯಲ್ಲಿ ಕಿವಿಗೆ ಬಿದ್ದ ಉಪಯೋಗದ ಮಾತು ಅದೊಂದೇ ಅನ್ನಿಸಿತು. ಆಮೇಲೆ ಅವಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದಾಗ ಹಿಂದಿನ ಕ್ಯಾಂಪಿನ ಕತೆ ಒಂದೊಂದಾಗಿ ಬಿಚ್ಚಿಕೊಂಡಿತು.

ಕ್ಯಾಂಪ್ ಇಟ್ಟದ್ದು ಬೆಳಗ್ಗೆ 11ರಿಂದ 1ರವರೆಗೆ. ಕರೆಗಳ ಒತ್ತಡ ತುತ್ತತುದಿಯಲ್ಲಿರುವ ಹೊತ್ತು. ರಾತ್ರಿ ಶಿಫ್ಟಿನವರು ಆಗ ಮನೆಯಲ್ಲಿ ಮಲಗಿರುತ್ತಾರೆ. ಕುರ್ಚಿಯಿಂದ ಎದ್ದ ಕೂಡಲೇ ಗಣಕದಲ್ಲಿ ಬ್ರೇಕ್ ಗಡಿಯಾರ ಓಡತೊಡಗುತ್ತದೆ. ಸಾಲಿನಲ್ಲಿ ನಿಂತು, ಎರಡು ಪುಟದ ಒಪ್ಪಿಗೆ ಪತ್ರ ತುಂಬಿ, ಚುಚ್ಚಿಸಿಕೊಂಡು, ಮೇಲೆ 15 ನಿಮಿಷ ನಿಗಾದಲ್ಲಿ ಕೂತು ಬರುವಷ್ಟರಲ್ಲಿ ದಿನದ ಬ್ರೇಕ್ ಪೂರ್ತಿ ಮುಗಿದಿರುತ್ತದೆ. ಆಮೇಲೆ ಮೂತ್ರಕ್ಕೆ ಹೋಗಬೇಕೆಂದರೂ ಟೀಮ್ ಲೀಡರ್ ಮುಖ ನೋಡಬೇಕು. ಲಸಿಕೆ ಪುಕ್ಕಟೆ ಎಂದು ಕಂಪನಿ ತಿಳಿದಿತ್ತು. ಅದಕ್ಕೆ ಕೊಡಬೇಕಾದ ಬೆಲೆ ಏನೆಂದು ಕುರ್ಚಿಯಲ್ಲಿದ್ದವರಿಗೆ ಗೊತ್ತಿತ್ತು.

ಇನ್ನೊಂದು ಎಡವಟ್ಟು ತಾರೀಖಿನದು. ಊರಲ್ಲೆಲ್ಲ ಫ್ಲೂ ಹಬ್ಬಿದ ಮೇಲೆ ಕ್ಯಾಂಪ್ ಹಾಕಿದ್ದರು. ಲಸಿಕೆ ಹಾಕಿಸಿಕೊಂಡ ಮೇಲೆ ಮೈಯಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟಲು ಸುಮಾರು 2 ವಾರ ಬೇಕು. ವೈರಸ್ ಹೊಕ್ಕು ಜ್ವರ ಕಾಣಿಸಿಕೊಳ್ಳಲು 1ರಿಂದ 4 ದಿನ ಸಾಕು. ಹೀಗಾಗಿ ಚುಚ್ಚಿಸಿಕೊಂಡ 17 ಜನರಲ್ಲಿ ಮೂವರಿಗೆ ಅದೇ ವಾರ ಜ್ವರ ಬಂತು. ಲಸಿಕೆಯಿಂದಲೇ ಬಂತು ಎಂಬ ಮಾತು ಒಂದು ಶಿಫ್ಟಿನಿಂದ ಇನ್ನೊಂದಕ್ಕೆ ಹೆಡ್‌ಸೆಟ್ಟಿನ ಜೊತೆಗೇ ಕೈ ಬದಲಾಯಿಸಿತು. ಅಲ್ಲಿ ಕೊಟ್ಟದ್ದು ನಿಷ್ಕ್ರಿಯ ವೈರಸ್ಸಿನ ಚುಚ್ಚುಮದ್ದು, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋವು, ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು, ಅಷ್ಟೆ. ಆದರೆ ಕಣ್ಣೆದುರು ಮೂವರು ಮಲಗಿದ್ದಾಗ ಈ ವಿವರಣೆ ಯಾರ ಕಿವಿಗೂ ಹತ್ತುವುದಿಲ್ಲ. ಆ ಕತೆಗೆ ಅವಕಾಶ ಕೊಟ್ಟದ್ದು ಜನರ ಅಜ್ಞಾನಕ್ಕಿಂತ ಕ್ಯಾಂಪಿನ ತಾರೀಖು.

ರಜೆ ಪುಸ್ತಕ ಓದಿದ್ದು

ರೋಗ ಎಲ್ಲಿಂದ ಹಬ್ಬಿತು ಎಂದು ಯಾರೂ ನೋಡಿರಲಿಲ್ಲ. ನನ್ನ ಅನುಮಾನವೆಲ್ಲ ಆ ಸ್ಪಂಜಿನ ಟೋಪಿಯ ಮೇಲಿತ್ತು. ರಜೆ ಪುಸ್ತಕ, ಕುರ್ಚಿಗಳ ನಕ್ಷೆ, ಶಿಫ್ಟ್ ಪಟ್ಟಿ ಮೂರನ್ನೂ ಹರಡಿಕೊಂಡು ಬಣ್ಣದ ಪೆನ್ಸಿಲ್ ಹಿಡಿದು ಕೂತೆ. ಹೆಡ್‌ಸೆಟ್ಟೇ ಕಾರಣವಾದರೆ ಒಂದೇ ಕುರ್ಚಿ ಹಂಚಿಕೊಂಡವರು ಒಬ್ಬರ ಹಿಂದೊಬ್ಬರು ಮಲಗಿರಬೇಕು. ಹಾಗೆ ಆಗಿರಲಿಲ್ಲ. ಕೆಂಪು ಗುರುತುಗಳು ನಕ್ಷೆಯ ಮೇಲೆ ಎಲ್ಲೆಂದರಲ್ಲಿ ಚದುರಿದ್ದವು.

ಶಿಫ್ಟ್ ಪಟ್ಟಿಯ ಅಂಚಿನಲ್ಲಿ ಪೆನ್ನಿನಲ್ಲಿ ಬರೆದ ಒಂದು ಸಾಲು ಕಂಡಿತು: ಹೊಸ ಉತ್ಪನ್ನದ ತರಬೇತಿ, 14 ಜನ, ಟ್ರೇನಿಂಗ್ ರೂಮ್. ಆ 14 ಹೆಸರುಗಳನ್ನು ರಜೆ ಪುಸ್ತಕದಲ್ಲಿ ಹುಡುಕಿದೆ. ಮುಂದಿನ ನಾಲ್ಕು ದಿನಗಳಲ್ಲಿ ಎಂಟು ಜನ ರಜೆಯಲ್ಲಿದ್ದರು. ತರಬೇತಿ ನಡೆಸಿದ ಟೀಮ್ ಲೀಡರ್ ಮರುದಿನದಿಂದಲೇ ರಜೆ. ಪರೀಕ್ಷೆ ಮಾಡಿಸಿಕೊಂಡವರು ಆ ಗುಂಪಿನಲ್ಲಿ ಮೂವರೇ, ಮೂವರಿಗೂ ಇನ್‌ಫ್ಲುಯೆಂಜಾ ಎ, ಅಂದರೆ ಎ ಗುಂಪಿನ ಫ್ಲೂ. ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯವಲ್ಲ ಇದು. ಮುಂದೆ ಎಲ್ಲಿ ಕೈ ಹಾಕಬೇಕೆಂದು ತಿಳಿಯಲು ನನಗೆ ಅಷ್ಟು ಸಾಕಾಗಿತ್ತು.

ಟೀಮ್ ಲೀಡರ್ ಒಳ್ಳೆಯ ಮನುಷ್ಯ, ಮಾತು ಮುಚ್ಚಿಡಲಿಲ್ಲ.

"ಜ್ವರ ಇದೆ ಅಂತ ಗೊತ್ತಿತ್ತು ಮೇಡಂ. ಒಂದು ಪ್ಯಾರಾಸಿಟಮಾಲ್ ನುಂಗಿ ಬಂದೆ. ಮೂರು ತಿಂಗಳಿಂದ ಒಂದೂ ರಜೆ ಹಾಕಿರಲಿಲ್ಲ. ಇನ್ನು ನಾಲ್ಕೇ ದಿನ ಇತ್ತು."

"ಏನಕ್ಕೆ ನಾಲ್ಕು ದಿನ?"

"ಹಾಜರಾತಿ ಬೋನಸ್‌ಗೆ."

ಮೂರು ತಿಂಗಳು ಒಂದೂ ರಜೆಯಿಲ್ಲದೆ ಬಂದವರಿಗೆ ಬೋನಸ್. ಒಂದೇ ದಿನ ತಪ್ಪಿದರೂ ಪೂರ್ತಿ ಕೈತಪ್ಪುತ್ತದೆ. ಕಾರಣ ಏನೇ ಇರಲಿ. ಸೋಮಾರಿಗಳನ್ನು ಹಿಡಿಯಲು ಮಾಡಿದ ನಿಯಮ ಅದು. ಫ್ಲೂ ಋತುವಿನಲ್ಲಿ ಅದು ಜ್ವರ ಬಂದವರನ್ನು ಕೈ ಹಿಡಿದು ಎಳೆತಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸುತ್ತಿತ್ತು. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ, ವೈರಸ್ಸನ್ನಲ್ಲ. ಲಕ್ಷಣ ಕಾಣಿಸುವ ಒಂದು ದಿನ ಮುಂಚಿನಿಂದಲೇ ಸೋಂಕು ಹರಡತೊಡಗಿ, ಆಮೇಲೂ ಐದಾರು ದಿನ ಹರಡುತ್ತದೆ. ಮೊದಲ ಮೂರು ನಾಲ್ಕು ದಿನ ಅದು ಅತಿ ಜೋರು. ಅಂದರೆ ಆ ಟೀಮ್ ಲೀಡರ್ ತರಬೇತಿಗೆ ನಿಂತದ್ದು ಅತ್ಯಂತ ಕೆಟ್ಟ ದಿನದಂದೇ.

ನಾನು ಕೊಟ್ಟ ಭಾಷಣದಲ್ಲಿ ಹಾಜರಾತಿ ಬೋನಸ್ ಎಂಬ ಪದವೇ ಇರಲಿಲ್ಲ.

ತೀರ್ಮಾನಗಳು, ಜಗಳಗಳು

ಮುಂದಿನ ಋತುವಿಗೆ ಏನು ಮಾಡಬೇಕೆಂದು ಕೂತಾಗ ಆಡಳಿತದವರು ಮೊದಲು ಕೇಳಿದ್ದು ಲಸಿಕೆಯನ್ನು ಕಡ್ಡಾಯ ಮಾಡಬಹುದೇ ಎಂದು. ಬೇಡವೆಂದೆ. ಇದು ಆಸ್ಪತ್ರೆಯ ತೀವ್ರ ನಿಗಾ ಘಟಕವಲ್ಲ. ಒಂದು ಕ್ಯಾಂಪನ್ನು ನೆಟ್ಟಗೆ ನಡೆಸದ ಕಚೇರಿ ಕಡ್ಡಾಯದ ಮಾತೆತ್ತಿದರೆ ಇರುವ ನಂಬಿಕೆಯೂ ಹೋಗುತ್ತದೆ. ಎರಡನೆಯದಾಗಿ, ಯಾರು ಹಾಕಿಸಿಕೊಂಡರು, ಯಾರು ಬಿಟ್ಟರು ಎಂಬ ಪಟ್ಟಿ ಬೇಕೆಂದರು. ಅದನ್ನೂ ಕೊಡುವುದಿಲ್ಲವೆಂದೆ. ಒಟ್ಟು ಸಂಖ್ಯೆ ಕೊಡುತ್ತೇನೆ, ಹೆಸರು ನನ್ನ ಬೀರುವಿನಲ್ಲಿರುತ್ತದೆ. ಆ ಮಧ್ಯಾಹ್ನ ನಮ್ಮ ನಡುವೆ ಮಾತು ಸ್ವಲ್ಪ ಬಿಸಿಯಾಯಿತು. ಆ ಪಟ್ಟಿ ಟೀಮ್ ಲೀಡರ್‌ಗಳ ಕೈ ಸೇರಿದ್ದರೆ ಮುಂದಿನ ವರ್ಷ ಬಡ್ತಿ ಸಿಗದವರೆಲ್ಲ ಲಸಿಕೆಯ ಕಡೆ ಬೆರಳು ತೋರಿಸುತ್ತಿದ್ದರು ಎಂದು ಈಗಲೂ ಅನ್ನಿಸುತ್ತದೆ.

ಬೋನಸ್ಸಿನ ವಿಷಯಕ್ಕೆ ಮೂರು ಸಭೆ ಬೇಕಾಯಿತು. ಕಾರ್ಯಾಚರಣೆ ಮುಖ್ಯಸ್ಥರದು ಒಂದೇ ಪಟ್ಟು: "ಬಾಗಿಲು ತೆಗೆದ್ರೆ ಸೋಮವಾರ ಎಲ್ಲರಿಗೂ ಜ್ವರ ಬರುತ್ತೆ." ನಾನು ತತ್ವ ಹೇಳಲು ಹೋಗದೆ ಪೆನ್ಸಿಲಿನ ನಕ್ಷೆ ಬಿಚ್ಚಿಟ್ಟೆ. ಟೀಮ್ ಲೀಡರ್ ಆ ನಾಲ್ಕು ದಿನ ಮನೆಯಲ್ಲಿದ್ದಿದ್ದರೆ ಕಳೆದುಕೊಳ್ಳುತ್ತಿದ್ದುದು ಒಬ್ಬರ ನಾಲ್ಕು ದಿನ. ಅವರು ಬಂದದ್ದರಿಂದ ಆ ಕೋಣೆಯೊಂದರಲ್ಲೇ ಎಂಟು ಜನ ಮಲಗಿದರು. ಆ ಲೆಕ್ಕವನ್ನು ಮುಖ್ಯಸ್ಥರು ತಾವೇ ಎರಡು ಸಲ ಕೂಡಿ ನೋಡಿದರು.

ಕೊನೆಗೆ ಒಪ್ಪಿದ್ದು ಒಂದು ಋತುವಿನ ಮಟ್ಟಿಗೆ. ಜ್ವರದ ರಜೆ ಒಂದು ಸಲಕ್ಕೆ ಮೂರು ದಿನದವರೆಗೆ ಬೋನಸ್ ಲೆಕ್ಕಕ್ಕೆ ಬರುವುದಿಲ್ಲ, ವೈದ್ಯರ ಸರ್ಟಿಫಿಕೇಟೂ ಬೇಡ. ಪ್ಯಾರಾಸಿಟಮಾಲ್ ನುಂಗದೆಯೇ 24 ಗಂಟೆ ಜ್ವರವಿಲ್ಲದೆ ಕಳೆದು, ಒಟ್ಟಾರೆ ಮೈ ಹಗುರಾದ ಮೇಲೆ ಕೆಲಸಕ್ಕೆ ಬರುವುದು. ಸರ್ಟಿಫಿಕೇಟ್ ಬಿಡಿಸಲು ನಾನು ಹಟ ಹಿಡಿದದ್ದಕ್ಕೆ ಕಾರಣವಿದೆ. ನಿಂತರೆ ತಲೆ ಸುತ್ತುವ ಜ್ವರದವರನ್ನು ಬರೀ ಒಂದು ಚೀಟಿಗಾಗಿ ಕ್ಲಿನಿಕ್ಕಿನ ಬೆಂಚಿನಲ್ಲಿ ಎರಡು ಗಂಟೆ ಕೂರಿಸಿದರೆ ಅಲ್ಲಿರುವ ಮುದುಕರಿಗೂ ಮಕ್ಕಳಿಗೂ ಅದನ್ನು ಹಂಚಿದ ಹಾಗೆ. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಬಸುರಿಯರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಮೊದಲ ದಿನವೇ ವೈದ್ಯರಿಗೆ ಫೋನ್ ಮಾಡಬೇಕೆಂದು ಬೇರೆಯಾಗಿ ಬರೆದು ಕೊಟ್ಟೆ.

ಲಸಿಕೆಗೆ ಈ ಸಲ ಭಾಷಣ ಮಾಡಲಿಲ್ಲ, ಸಮಯ ಗೊತ್ತುಮಾಡಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನನ್ನ ತಲೆಯಲ್ಲಿತ್ತು. ವಿಶ್ವವಿದ್ಯಾಲಯವೊಂದರ ನೌಕರರಲ್ಲಿ ಒಂದು ಗುಂಪಿಗೆ ಬೇಕಾದರೆ ಸಮಯ ಕಾದಿರಿಸಿಕೊಳ್ಳಿ ಎಂದು ತಿಳಿಸಿದರು, ಇನ್ನೊಂದು ಗುಂಪಿಗೆ ನಿಮಗೆ ಇಂಥ ದಿನ ಇಂಥ ಹೊತ್ತು, ಬೇಡವಾದರೆ ಬದಲಿಸಿ ಅಥವಾ ರದ್ದು ಮಾಡಿ ಎಂದು ತಿಳಿಸಿದರು. ಮೊದಲ ಗುಂಪಿನಲ್ಲಿ ನೂರಕ್ಕೆ 33 ಜನ ಹಾಕಿಸಿಕೊಂಡರೆ ಎರಡನೆಯದರಲ್ಲಿ 45. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ, ಹೋಗುವ ದಿನ ಮತ್ತು ಗಂಟೆಯನ್ನು ತಾವೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಸೂಚಿಸಿದ್ದಕ್ಕೇ ನೂರಕ್ಕೆ ನಾಲ್ಕು ಜನ ಹೆಚ್ಚು ಬಂದರು. ಮನಸ್ಸು ಬದಲಿಸುವ ಉಪದೇಶ ಎರಡರಲ್ಲೂ ಇರಲಿಲ್ಲ. ಬರುವ ಮನಸ್ಸಿದ್ದೂ ಬಾರದೆ ಉಳಿಯುವವರೇ ಬಹಳ, ಅವರಿಗೆ ದಾರಿ ಸಲೀಸು ಮಾಡಿದರೆ ಸಾಕು.

ಪ್ರತಿಯೊಬ್ಬರಿಗೂ ಚೀಟಿ ಹೋಯಿತು. ಅವರ ಶಿಫ್ಟಿನೊಳಗೇ ಹತ್ತು ನಿಮಿಷದ ಸಮಯ, ಮೇಲೆ ನಿಗಾದ 15 ನಿಮಿಷ, ಎಲ್ಲವೂ ಕೆಲಸದ ಅವಧಿಯೆಂದೇ ಲೆಕ್ಕ. ಬೇಡವೆನ್ನುವವರು ಚೀಟಿ ಹಿಂತಿರುಗಿಸಿದರಾಯಿತು, ಕಾರಣ ಕೇಳುವಂತಿಲ್ಲ. ರಾತ್ರಿ ಶಿಫ್ಟಿಗೆ ನರ್ಸ್ 11 ಗಂಟೆಗೆ ಬರುತ್ತಾರೆ. ಎರಡು ಪುಟದ ಪತ್ರ ಅರ್ಧ ಪುಟಕ್ಕಿಳಿಯಿತು: ಹಿಂದೆ ಫ್ಲೂ ಲಸಿಕೆಗೆ ತೀವ್ರ ಅಲರ್ಜಿ ಆಗಿತ್ತೆ, ಕೈಕಾಲಿನ ಬಲ ಕುಂದಿಸುವ ಗೀಯಾನ್ ಬಾರೆ ಎಂಬ ನರರೋಗ ಬಂದಿತ್ತೆ, ಇವತ್ತು ಜ್ವರವಿದೆಯೆ, ಇಷ್ಟೇ. ತಾರೀಖು ಋತುವಿಗೆ ಸುಮಾರು ಆರು ವಾರ ಮುಂಚೆ.

ಪೆಟ್ಟಿಗೆ ವಾಪಸ್ ಹೋದ ದಿನ

ಮೊದಲ ದಿನ 27 ಜನರಿಗೆ ಸಮಯ ಕೊಟ್ಟಿತ್ತು. ನರ್ಸ್ ಲಸಿಕೆಯ ಪೆಟ್ಟಿಗೆ ತೆರೆದು ಒಳಗಿನ ಥರ್ಮಾಮೀಟರ್ ಹೊರತೆಗೆದವರು ನನ್ನತ್ತ ತಿರುಗಿಸಿದರು. ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ಲಸಿಕೆಗೆ ತಾಗಿಸಿಯೇ ಯಾರೋ ಜೋಡಿಸಿಬಿಟ್ಟಿದ್ದರು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಸರಿ.

ಹೊರಗೆ ಆರು ಜನ ತೋಳು ಮಡಚಿ ನಿಂತಿದ್ದರು. ಎಚ್‌ಆರ್ ಮುಖ್ಯಸ್ಥೆ ಮೆಲುದನಿಯಲ್ಲಿ, "ಒಂದು ಡಿಗ್ರಿ ತಾನೆ ಮೇಡಂ?" ಎಂದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಶಿಫ್ಟ್ ಪಟ್ಟಿ ಹೊಂದಿಸಲು ಅವರು ಎರಡು ವಾರ ಒದ್ದಾಡಿದ್ದರು. ನರ್ಸ್ ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೆಂಪು ಅಕ್ಷರದಲ್ಲಿ ಬಳಸಬೇಡಿ ಎಂದು ಬರೆದು ಅಂಟಿಸಿದರು. ನಾನು ಹೊರಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡು ದಿನ ಬಿಟ್ಟು ಹೊಸ ಪೆಟ್ಟಿಗೆ ಬಂತು.

ಇದಕ್ಕೆ ದಂಡ ತೆರಬೇಕಾಯಿತು. ಆ 27ರಲ್ಲಿ ಒಂಬತ್ತು ಜನ ಮತ್ತೆ ಬರಲೇ ಇಲ್ಲ. ಆದರೆ ಹಿಂದಿನ ವರ್ಷ ಲಸಿಕೆಯಿಂದ ಜ್ವರ ಬಂತೆಂದು ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ತಿರುಗಿದ್ದ ರಾತ್ರಿ ಶಿಫ್ಟಿನ ವ್ಯಕ್ತಿ ಬಂದು ತೋಳು ಕೊಟ್ಟರು. ಪೆಟ್ಟಿಗೆಯ ಸುದ್ದಿ ಕೇಳಿದ್ದರಂತೆ. ಅವರ ಪ್ರಶ್ನೆ ಬೇರೆಯೇ ಇತ್ತು. "ಹೋದ ವರ್ಷದ ಡಬ್ಬದ ಮೇಲೆ ನಾಲ್ಕು ತಳಿ ಅಂತಿತ್ತು, ಈ ಸಲ ಮೂರು. ಅಗ್ಗದ್ದು ತಂದಿದ್ದೀರಾ?"

ಒಳ್ಳೆಯ ಕಣ್ಣು. ಡಬ್ಬದ ಮೇಲಿನದನ್ನು ಓದುವವರು ನೂರಕ್ಕೊಬ್ಬರು. ಬಿ ಗುಂಪಿನ ಯಮಗಾಟಾ ಎಂಬ ಕವಲು 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡುಬಂದಿಲ್ಲ. ಹೀಗಾಗಿ ಅದನ್ನು ಲಸಿಕೆಯಲ್ಲಿ ಸೇರಿಸುವ ಅಗತ್ಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಉಳಿದದ್ದು ಮೂರು: ಎಚ್1ಎನ್1, ಎಚ್3ಎನ್2, ಬಿ ವಿಕ್ಟೋರಿಯಾ. ಯಾವ ತಳಿ ಹಾಕಬೇಕೆಂದು ವರ್ಷಕ್ಕೆರಡು ಸಲ, ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರಿನಲ್ಲಿ ತಜ್ಞರು ಕೂತು ನಿರ್ಧರಿಸುತ್ತಾರೆ ಎಂದೂ ಹೇಳಿದೆ. ನಿಗಾದ 15 ನಿಮಿಷ ಪೂರ್ತಿ ಕೇಳಿಸಿಕೊಂಡರು. "ಹಾಕಿಸಿಕೊಂಡ್ರೂ ಬರಬಹುದು ಅಲ್ವಾ?" ಎಂದರು. ಬರಬಹುದು ಎಂದೆ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲೂ ಫ್ಲೂ ಬಂದು ವೈದ್ಯರ ಬಳಿ ಓಡಬೇಕಾದ ಅಪಾಯ ತಗ್ಗುವುದು ನೂರಕ್ಕೆ 40ರಿಂದ 60ರಷ್ಟು. ಇದನ್ನು ಮುಚ್ಚಿಟ್ಟು ಲಸಿಕೆ ಮಾರಹೊರಟರೆ ಮೊದಲ ಜ್ವರಕ್ಕೇ ಬಣ್ಣ ಬಯಲಾಗುತ್ತದೆ.

ಗಾಳಿ, ಕೈ, ಹೆಡ್‌ಸೆಟ್

ಟ್ರೇನಿಂಗ್ ರೂಮಿನಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಅಂಗೈಯಗಲದ ಮೀಟರ್ ಇಟ್ಟೆ. ಜನ ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಕೂಡಿಕೊಂಡಿದೆ ಎಂಬುದಕ್ಕೆ ಅದೊಂದು ಒರಟು ಲೆಕ್ಕ. ಬಯಲಿನಲ್ಲಿ 420ರ ಆಸುಪಾಸು ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ ಇರುತ್ತದೆ. 14 ಜನ, ಮುಚ್ಚಿದ ಬಾಗಿಲು, 40 ನಿಮಿಷ ಕಳೆದಾಗ ಮೀಟರ್ 1,900 ದಾಟಿತ್ತು. ಎಸಿ ತಂಪಾಗಿಯೇ ಬೀಸುತ್ತಿತ್ತು. ತಂಪು ಗಾಳಿ ಹೊಸ ಗಾಳಿಯೆಂದೇ ಎಲ್ಲರೂ ತಿಳಿದಿದ್ದರು.

ನಿರ್ವಹಣೆಯವರೊಬ್ಬರು ಏಣಿ ಹತ್ತಿ ಛಾವಣಿಯ ಹಲಗೆ ಸರಿಸಿ ಟಾರ್ಚ್ ಬಿಟ್ಟರು. ಹೊರಗಿನ ಗಾಳಿ ಒಳಬರುವ ಕೊಳವೆಯ ಡ್ಯಾಂಪರ್, ಅಂದರೆ ಗಾಳಿಯನ್ನು ಬಿಡುವ ತಡೆಯುವ ಮುಚ್ಚಳ, ಪೂರ್ತಿ ಮುಚ್ಚಿತ್ತು. ಅದರ ಹಿಡಿಗೆ ತಂತಿ ಸುತ್ತಿ ಬಿಗಿದಿದ್ದರು. "ಕರೆಂಟ್ ಉಳಿಸೋಕೆ ಅಂತ ಯಾವಾಗ್ಲೋ ಮುಚ್ಚಿಸಿದ್ರು," ಎಂದು ಕಟ್ಟಿಂಗ್ ಪ್ಲೈಯರ್‌ನಿಂದ ತಂತಿ ಕತ್ತರಿಸಿದರು. ಧೂಳು ಅವರ ಮುಖದ ಮೇಲೇ ಸುರಿಯಿತು. ಇಡೀ ಕಾರ್ಯಕ್ರಮದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಕಡಿಮೆ ವಾದದ ಕೆಲಸ ಅದು. ತರಬೇತಿಯನ್ನು ಏಳೇಳು ಜನರ ಎರಡು ಗುಂಪು ಮಾಡಿ, ಬಾಗಿಲು ತೆರೆದಿಟ್ಟು ಮತ್ತೆ ಅಳೆದಾಗ ಮೀಟರ್ 900ರ ಆಚೀಚೆ ನಿಂತಿತು.

ಹೆಡ್‌ಸೆಟ್ಟಿನ ಮೇಲೆ ನಕ್ಷೆ ತಪ್ಪು ಹೊರಿಸಿರಲಿಲ್ಲ. ಆದರೂ ಅದನ್ನು ಬಿಡಲಿಲ್ಲ. ಗಟ್ಟಿ ನುಣುಪು ಮೇಲ್ಮೈಗಳ ಮೇಲೆ ಫ್ಲೂ ವೈರಸ್ 24ರಿಂದ 48 ಗಂಟೆ ಬದುಕಬಲ್ಲದು. ಪ್ರತಿಯೊಬ್ಬರಿಗೂ ಅವರದೇ ಸ್ಪಂಜಿನ ಟೋಪಿ, ಹೆಸರು ಬರೆದ ಪುಟ್ಟ ಚೀಲ. ಇದು ಜನರಿಗೆ ಎಷ್ಟು ಹಿಡಿಸಿತೆಂದರೆ ಲಸಿಕೆ ಬೇಡವೆಂದವರೂ ಚೀಲ ಕೇಳಿ ಪಡೆದರು.

ಸ್ಯಾನಿಟೈಸರಿನದು ನಗೆಪಾಟಲು. ಮೊದಲ ವರ್ಷ ಕಂಬಕ್ಕೊಂದರಂತೆ ಬಾಟಲಿ ನೇತುಹಾಕಿಸಿದ್ದೆ. ಮೂರನೇ ವಾರಕ್ಕೆ ಎಲ್ಲ ಖಾಲಿ. ಖಾಲಿ ಬಾಟಲಿಯ ಮೂತಿ ಒತ್ತಿ ಒತ್ತಿ ಜನ ಮುಂದೆ ಹೋಗುತ್ತಿದ್ದರು. ತುಂಬಿಸುವುದು ಯಾರ ಕೆಲಸವೆಂದು ಬರೆದೇ ಇರಲಿಲ್ಲ. ಶೌಚಾಲಯದ ಸೋಪಿಗೂ ಅದೇ ಗತಿ. ಎರಡನೇ ವರ್ಷ ಬಾಟಲಿ ಎರಡಕ್ಕಿಳಿಸಿ, ಸೋಪು ನೋಡಿಕೊಳ್ಳುವವರ ಹೆಸರನ್ನು ಶಿಫ್ಟ್ ಪಟ್ಟಿಯಲ್ಲೇ ಹಾಕಿಸಿದೆ. 20 ಸೆಕೆಂಡ್ ಕೈ ತೊಳೆಯಿರಿ ಎನ್ನುವ ಪೋಸ್ಟರಿಗಿಂತ ಮೊದಲು ನಲ್ಲಿಯ ಪಕ್ಕ ಸೋಪು ಇರಬೇಕಲ್ಲ. ಮಾಸ್ಕ್ ವಿಷಯದಲ್ಲಿ ಸೋತೆ. ಮಾಸ್ಕ್ ಹಾಕಿ ದಿನವಿಡೀ ಫೋನಿನಲ್ಲಿ ಮಾತಾಡುವುದು ಆಗದ ಮಾತು, ಅದನ್ನು ಹೆಚ್ಚು ಎಳೆಯಲಿಲ್ಲ.

ಆದದ್ದು

ಆ ಹೊತ್ತಿಗೆ ಸಿಬ್ಬಂದಿ 89. ಹಾಕಿಸಿಕೊಂಡವರು 55. ಹಿಂದಿನ ವರ್ಷದ 17ಕ್ಕೆ ಹೋಲಿಸಿದರೆ ಎಚ್‌ಆರ್‌ಗೆ ಹಬ್ಬ. ನನಗೆ ಆ ಒಂಬತ್ತು ಜನ ಮನಸ್ಸಿನಲ್ಲಿ ಉಳಿದರು.

ಋತು ಶುರುವಾದ ಮೊದಲ ತಿಂಗಳಿಗೇ ಕಾರ್ಯಾಚರಣೆ ಮುಖ್ಯಸ್ಥರಿಂದ ಒಂದು ಸಾಲಿನ ಇಮೇಲ್. ಹೋದ ವರ್ಷ ಇದೇ ತಿಂಗಳು 11 ಜನ ಜ್ವರದ ರಜೆ, ಈ ವರ್ಷ 19, ಹೊಸ ನಿಯಮ ತೆಗೆಯೋಣವೇ? ಪ್ರಕರಣದ ನಿಜವಾದ ತಿರುವು ಇಲ್ಲಿದೆ ಎನ್ನುತ್ತೇನೆ. ಸಂಖ್ಯೆ ಸುಳ್ಳಲ್ಲ. ನನಗೂ ಎದೆ ಧಸಕ್ಕೆಂದಿತು. ಮತ್ತೆ ರಜೆ ಪುಸ್ತಕ, ಮತ್ತೆ ಬಣ್ಣದ ಪೆನ್ಸಿಲ್.

ಹತ್ತೊಂಬತ್ತರಲ್ಲಿ ಹದಿನಾಲ್ಕು ರಜೆಗಳು ಎರಡು ದಿನದವು, ಮಹಡಿಯ ತುಂಬ ಚದುರಿದ್ದವು. ಒಬ್ಬರು ಮಲಗಿದ ಮೇಲೆ ಅವರ ತಂಡದಲ್ಲಿ ಇನ್ನಿಬ್ಬರು ಮಲಗಿದ ಉದಾಹರಣೆ ಒಂದೇ ಒಂದಿತ್ತು. ಹಿಂದಿನ ವರ್ಷ ಈ ತಿಂಗಳು ರಜೆಗಳು ಕಡಿಮೆಯಿದ್ದದ್ದು ಜನ ಜ್ವರವನ್ನು ನುಂಗಿಕೊಂಡು ಬರುತ್ತಿದ್ದರಿಂದ. ಮುಂದಿನ ತಿಂಗಳು ಅದೇ ಗೊಂಚಲಾಗಿ ಸಿಡಿದಿತ್ತು. ಬಿಡಿಬಿಡಿ ಚುಕ್ಕೆಗಳಾಗಿ ಬಂದ ರಜೆ ನಾವು ಬಯಸಿದ್ದೇ ಆಗಿತ್ತು. ಎರಡು ವರ್ಷದ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಫೋಟೋ ತೆಗೆದು ಕಳಿಸಿದೆ. ಉತ್ತರ ಬರಲಿಲ್ಲ. ನಿಯಮವನ್ನು ತೆಗೆಯಲೂ ಇಲ್ಲ.

ಋತು ಮುಗಿಯುವವರೆಗೆ ಕಂಡ ಅತಿ ದೊಡ್ಡ ಗೊಂಚಲು ಒಂದೇ ತಂಡದ ನಾಲ್ಕು ಜನ. ಯಾರೂ ಆಸ್ಪತ್ರೆ ಸೇರಲಿಲ್ಲ. ಹಿಂದಿನ ವರ್ಷ ನ್ಯುಮೋನಿಯಾ ಆಗಿದ್ದ ಹಿರಿಯರಿಗೆ ಲಸಿಕೆ ಹಾಕಿಸಿಕೊಂಡಿದ್ದರೂ ಫ್ಲೂ ಬಂತು. ಮೊದಲ ದಿನವೇ ಫೋನ್ ಮಾಡಿದರು, ಅವತ್ತೇ ಔಷಧ ಶುರುವಾಯಿತು, ಆರನೇ ದಿನ ಕುರ್ಚಿಯಲ್ಲಿದ್ದರು. ಲಸಿಕೆಯಿಂದ ಹಗುರಾಯಿತೋ, ಬೇಗ ಕೊಟ್ಟ ಔಷಧದಿಂದಲೋ, ಒಬ್ಬರನ್ನು ನೋಡಿ ಹೇಳಲಾಗದು. ಅವರ ಹೆಂಡತಿ ಮಾತ್ರ ಹೋದ ವರ್ಷವೂ ಇವರು ಹೀಗೆ ಫೋನ್ ಮಾಡಿದ್ದಿದ್ದರೆ ಎಂದರು.

ಸೋಮವಾರದ ಜ್ವರ? ಇತ್ತು. ಇಬ್ಬರ ಮೇಲೆ ನನಗೂ ಅನುಮಾನ ಬಂತು. ಇಬ್ಬರಿಗಾಗಿ ಉಳಿದ 87 ಜನರನ್ನು ಕ್ಲಿನಿಕ್ಕಿನ ಬೆಂಚಿಗೆ ಕಳಿಸಬೇಕೆ ಎಂದು ಕೇಳಿದಾಗ ಎಚ್‌ಆರ್ ಮುಖ್ಯಸ್ಥೆಯೇ ಬೇಡವೆಂದರು.

ಇಷ್ಟೆಲ್ಲ ನಮ್ಮದೇ ಸಾಧನೆ ಎಂದು ಬರೆದರೆ ಪ್ರಾಮಾಣಿಕತೆ ಆಗುವುದಿಲ್ಲ. ಅದೇ ಕಂಪನಿಯ ಇನ್ನೊಂದು ಕಚೇರಿಯಲ್ಲಿ ಏನನ್ನೂ ಬದಲಿಸಿರಲಿಲ್ಲ, ಅಲ್ಲೂ ಆ ವರ್ಷ ಜ್ವರದ ರಜೆ ಹಿಂದಿನದಕ್ಕಿಂತ ಕಾಲುಭಾಗ ಕಡಿಮೆ. ಋತುವೇ ಸ್ವಲ್ಪ ಸೌಮ್ಯವಾಗಿತ್ತು. ನಮ್ಮಲ್ಲಿ ಇಳಿದದ್ದು ಅದಕ್ಕಿಂತ ಹೆಚ್ಚು, ಗೊಂಚಲುಗಳು ಒಡೆದದ್ದಂತೂ ನಮ್ಮಲ್ಲಿ ಮಾತ್ರ. ಅದರಲ್ಲಿ ಲಸಿಕೆಯ ಪಾಲೆಷ್ಟು, ಡ್ಯಾಂಪರಿನದೆಷ್ಟು, ಬೋನಸ್ಸಿನದೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೇ ಮಾಡಿದೆವಲ್ಲ. ಇನ್ನೊಂದು ಕಚೇರಿಯವರು ಮೊದಲು ಯಾವುದನ್ನು ಮಾಡಲಿ ಎಂದು ಕೇಳಿದಾಗ ನಾನು ಹಾಜರಾತಿ ಬೋನಸ್ಸಿನ ನಿಯಮ ತೋರಿಸಿ ಎಂದೆ. ಅವರು ಪೋಸ್ಟರ್ ಕೇಳಲು ಬಂದಿದ್ದರು.

ಆ ಟೀಮ್ ಲೀಡರಿಗೆ ಎರಡನೇ ವರ್ಷವೂ ಜ್ವರ ಬಂತು. ಬೆಳಗ್ಗೆ ಆರಕ್ಕೆ ಅವರ ಮೆಸೇಜ್: "38.6 ಇದೆ. ಬರ್ತಿಲ್ಲ. ಇವತ್ತಿನ ಟ್ರೇನಿಂಗ್ ಬೇರೆಯವರು ತಗೊಳ್ಳಲಿ." ಬೇರೆಯವರು ತೆಗೆದುಕೊಂಡರು, ಅಷ್ಟು ಚೆನ್ನಾಗಿ ಬರಲಿಲ್ಲವಂತೆ.

ಕೊನೆಯ ಸಲ ಹೋದಾಗ ಟ್ರೇನಿಂಗ್ ರೂಮಿನ ಕಪಾಟಿನ ಮೇಲೆ ಆ ಮೀಟರ್ ಇತ್ತು. ಪರದೆ ಕಪ್ಪಾಗಿತ್ತು, ಎಷ್ಟು ದಿನದಿಂದ ಚಾರ್ಜ್ ಮಾಡಿರಲಿಲ್ಲವೋ. ಒಳಗೆ ಏಳು ಜನ ಕೂತಿದ್ದರು. ಬಾಗಿಲು ಮುಚ್ಚಿಕೊಳ್ಳದಂತೆ ಯಾರೋ ಹೆಡ್‌ಸೆಟ್ಟಿನ ಹಳೆಯ ರಟ್ಟಿನ ಡಬ್ಬವನ್ನು ಮಡಚಿ ಕೆಳಗೆ ತುರುಕಿದ್ದರು.